ಉಷ್ಣಮಾನದ ಅಳತೆ: ಒಂದೇ ಬಿಸಿಗೆ ಮೂರು ಅಂಕಿಗಳು

ಚೈತ್ರ ಕಳೆದು ವೈಶಾಖ ಕಾಲಿಟ್ಟಿತೆಂದರೆ ನಮ್ಮ ಈ ಅಹಮದಾಬಾದ್ ನಗರದಲ್ಲಿ ಎಲ್ಲರ ಬಾಯಲ್ಲಿಯೂ ಬಿಸಿಲಿನ ಮಾತೇ. ‘ಇಂದು ನಲವತ್ತನಾಲ್ಕು ಡಿಗ್ರಿ’ ಎಂದು ವೃತ್ತಪತ್ರಿಕೆಯನ್ನು ನೋಡಿದವರು ಹೇಳುತ್ತಾರೆ. ಅದೇ ದಿನ ಮನೆಯಲ್ಲಿ ಪುಟ್ಟ ತಮ್ಮನಿಗೆ ಜ್ವರ ಬಂದಿದ್ದರೆ, ಜ್ವರಮಾಪಕವನ್ನು ನೋಡಿದ ತಾಯಿ ‘ನೂರಾಎರಡು ಡಿಗ್ರಿ’ ಎಂದು ಗಾಬರಿಗೊಳ್ಳುತ್ತಾರೆ. ಅತ್ತ ವಿಜ್ಞಾನದ ಪಾಠಪುಸ್ತಕವನ್ನು ತೆರೆದರೆ ಸಾಮಾನ್ಯ ಕೋಣೆಯ ಉಷ್ಣಮಾನವನ್ನು ೩೦೦ ಎಂದು ಇಟ್ಟುಕೊಂಡು ಲೆಕ್ಕವನ್ನು ಮಾಡಿರುತ್ತದೆ.

ಈಗ ಒಂದು ಪ್ರಶ್ನೆ. ೪೪ ಡಿಗ್ರಿಯ ಬಿಸಿಲು ಹೆಚ್ಚೋ, ೧೦೨ ಡಿಗ್ರಿಯ ಜ್ವರ ಹೆಚ್ಚೋ, ೩೦೦ ಡಿಗ್ರಿಯ ಕೋಣೆ ಹೆಚ್ಚೋ? ಅಂಕಿಗಳನ್ನು ಮಾತ್ರ ನೋಡಿದವನು ಕೋಣೆಗೆ ಮೊದಲ ಸ್ಥಾನವನ್ನೂ ಬಿಸಿಲಿಗೆ ಕೊನೆಯ ಸ್ಥಾನವನ್ನೂ ಕೊಡುತ್ತಾನೆ. ನಿಜಸ್ಥಿತಿ ಇದಕ್ಕೆ ನೇರವಾಗಿ ವಿರುದ್ಧ. ಬಿಸಿಲೇ ಎಲ್ಲಕ್ಕಿಂತ ಹೆಚ್ಚು, ಜ್ವರ ಅದಕ್ಕಿಂತ ಕಡಿಮೆ, ಕೋಣೆ ಎಲ್ಲಕ್ಕಿಂತ ತಂಪು. ಹೀಗಾಗಲು ಕಾರಣವೇನೆಂದರೆ, ಮೊದಲನೆಯ ಅಂಕಿ ಸೆಲ್ಸಿಯಸ್ ಮಾನದ್ದು, ಎರಡನೆಯದು ಫ್ಯಾರನ್‌ಹೀಟ್ ಮಾನದ್ದು, ಮೂರನೆಯದು ಕೆಲ್ವಿನ್ ಮಾನದ್ದು. ಮಾನದ ಹೆಸರಿಲ್ಲದ ಅಂಕಿ ಊರಿನ ಹೆಸರಿಲ್ಲದ ವಿಳಾಸವಿದ್ದಂತೆ. ಅದರಿಂದ ಯಾವ ಮನೆಯನ್ನೂ ತಲಪಲಾಗದು. ಈ ಮೂರು ಮಾನಗಳು ಯಾವುವು, ಒಂದರಿಂದ ಇನ್ನೊಂದಕ್ಕೆ ಹೋಗುವ ದಾರಿ ಯಾವುದು, ಅದನ್ನು ತಿಳಿದುಕೊಳ್ಳುವುದು ಈ ನಗರದಲ್ಲಿ ವಾಸಿಸುವ ನಮಗೆ ಏಕೆ ಅವಶ್ಯ ಎಂಬುದನ್ನು ಈ ಲೇಖನದಲ್ಲಿ ವಿಚಾರ ಮಾಡೋಣ.

೧. ಕೈ ಹೇಳುವ ಸಾಕ್ಷ್ಯ

ಬಿಸಿಯನ್ನು ತಿಳಿಯಲು ನಮಗೆ ಚರ್ಮವಿರುವಾಗ ಯಂತ್ರವೇಕೆ ಎಂದು ಯಾರಾದರೂ ಕೇಳಬಹುದು. ಮೂರು ಬೋಗುಣಿಗಳನ್ನು ತೆಗೆದುಕೊಳ್ಳಿ. ಒಂದರಲ್ಲಿ ಗಡಿಗೆಯ ತಣ್ಣೀರನ್ನೂ, ಒಂದರಲ್ಲಿ ಕೈ ತಾಳುವಷ್ಟು ಬಿಸಿನೀರನ್ನೂ, ನಡುವಿನದರಲ್ಲಿ ಉಗುರುಬೆಚ್ಚಗಿನ ನೀರನ್ನೂ ಹಾಕಿರಿ. ಎಡಗೈಯನ್ನು ತಣ್ಣೀರಿನಲ್ಲಿ, ಬಲಗೈಯನ್ನು ಬಿಸಿನೀರಿನಲ್ಲಿ ಒಂದು ನಿಮಿಷ ಇಟ್ಟು, ಅನಂತರ ಎರಡು ಕೈಗಳನ್ನೂ ಒಟ್ಟಿಗೆ ನಡುವಿನ ಬೋಗುಣಿಯಲ್ಲಿ ಅದ್ದಿರಿ. ಎಡಗೈಯು ‘ನೀರು ಬಿಸಿಯಾಗಿದೆ’ ಎನ್ನುವುದು. ಬಲಗೈಯು ‘ನೀರು ತಂಪಾಗಿದೆ’ ಎನ್ನುವುದು. ಒಂದೇ ನೀರಿನ ವಿಷಯದಲ್ಲಿ ಇಬ್ಬರು ಸಾಕ್ಷಿಗಳು ಎರಡು ಬಗೆಯಾಗಿ ನುಡಿದರೆ ಇಬ್ಬರನ್ನೂ ನಂಬುವಂತಿಲ್ಲ. ಆದುದರಿಂದಲೇ ಪಕ್ಷಪಾತವಿಲ್ಲದ ಉಷ್ಣಮಾಪಕವು ಬೇಕಾಯಿತು.

ಉಷ್ಣಮಾಪಕದ ತತ್ತ್ವ ಸರಳವಾದುದು. ದ್ರವಗಳು ಬಿಸಿಯಾದಾಗ ಹಿಗ್ಗುತ್ತವೆ, ತಣ್ಣಗಾದಾಗ ಕುಗ್ಗುತ್ತವೆ. ಕಿರಿದಾದ ಗಾಜಿನ ನಳಿಗೆಯಲ್ಲಿ ಪಾದರಸವನ್ನೋ ಬಣ್ಣ ಹಾಕಿದ ಮದ್ಯಸಾರವನ್ನೋ ತುಂಬಿದರೆ, ಅದರ ಏರಿಳಿತವೇ ಉಷ್ಣಮಾನದ ಏರಿಳಿತವನ್ನು ತೋರಿಸುತ್ತದೆ. ಆದರೆ ನಳಿಗೆಯ ಮೇಲೆ ಗೆರೆಗಳನ್ನು ಎಲ್ಲಿ ಎಳೆಯಬೇಕು? ಯಾವ ಗೆರೆಯನ್ನು ಸೊನ್ನೆಯೆಂದು ಕರೆಯಬೇಕು? ಒಂದು ಗೆರೆಗೂ ಮುಂದಿನ ಗೆರೆಗೂ ಎಷ್ಟು ಅಂತರವಿರಬೇಕು? ಇವು ಪ್ರಕೃತಿಯು ಕೊಟ್ಟ ಕಟ್ಟಳೆಗಳಲ್ಲ. ಮನುಷ್ಯರು ಮಾಡಿಕೊಂಡ ಒಪ್ಪಂದಗಳು. ಒಪ್ಪಂದಗಳು ಬೇರೆ ಬೇರೆಯಾದುದರಿಂದ ಮಾನಗಳೂ ಬೇರೆ ಬೇರೆಯಾದವು.

೨. ಸಂವತ್ಸರ ಮತ್ತು ಮೈಲಿಗಲ್ಲು

ಎರಡು ಮಾನಗಳು ಎರಡು ರೀತಿಯಲ್ಲಿ ಭಿನ್ನವಾಗಬಹುದು. ಇದನ್ನು ನಮ್ಮ ನಿತ್ಯಜೀವನದಿಂದಲೇ ತಿಳಿಯಬಹುದು.

ಕನ್ನಡನಾಡಿನ ಪಂಚಾಂಗಗಳು ಶಾಲಿವಾಹನ ಶಕವರ್ಷವನ್ನು ಎಣಿಸುತ್ತವೆ; ಗುಜರಾತಿನ ಪಂಚಾಂಗಗಳು ವಿಕ್ರಮ ಸಂವತ್ಸರವನ್ನು ಎಣಿಸುತ್ತವೆ. ೨೦೨೩ರ ಕಾರ್ತಿಕ ಮಾಸವು ನಮ್ಮ ಹಿರಿಯರ ಪಂಚಾಂಗದಲ್ಲಿ ಶಕ ೧೯೪೫. ನೆರೆಮನೆಯ ಗುಜರಾತಿ ಪಂಚಾಂಗದಲ್ಲಿ ವಿಕ್ರಮ ೨೦೮೦. ಕಾಲ ಒಂದೇ, ಅಂಕಿಗಳಲ್ಲಿ ೧೩೫ರ ವ್ಯತ್ಯಾಸ. ಏಕೆಂದರೆ ಎಣಿಕೆಯು ಪ್ರಾರಂಭವಾದ ಸ್ಥಳ ಬೇರೆ. ಆದರೂ ವರ್ಷದ ಉದ್ದ ಎರಡರಲ್ಲಿಯೂ ಅಷ್ಟೇ. ಆದುದರಿಂದ ಒಬ್ಬ ಬಾಲಕನ ವಯಸ್ಸನ್ನು ಶಕದಲ್ಲಿ ಎಣಿಸಿದರೂ ವಿಕ್ರಮದಲ್ಲಿ ಎಣಿಸಿದರೂ ಹನ್ನೆರಡು ವರ್ಷ ಹನ್ನೆರಡು ವರ್ಷವೇ.

ಇನ್ನು ಮೈಲಿ ಮತ್ತು ಕಿಲೋಮೀಟರುಗಳನ್ನು ನೋಡಿರಿ. ಎರಡರಲ್ಲಿಯೂ ಪ್ರಾರಂಭದ ಸೊನ್ನೆ ಒಂದೇ: ನಾವು ನಿಂತ ಸ್ಥಳ. ಆದರೆ ಹೆಜ್ಜೆಯ ಅಳತೆ ಬೇರೆ. ಹತ್ತು ಮೈಲಿ ಎಂದರೆ ಸುಮಾರು ಹದಿನಾರು ಕಿಲೋಮೀಟರು.

ಸೆಲ್ಸಿಯಸ್ ಮತ್ತು ಕೆಲ್ವಿನ್ ಮಾನಗಳ ಸಂಬಂಧ ಶಕ-ವಿಕ್ರಮಗಳ ಸಂಬಂಧದಂತೆ: ಸೊನ್ನೆ ಬೇರೆ, ಹೆಜ್ಜೆ ಒಂದೇ. ಸೆಲ್ಸಿಯಸ್ ಮತ್ತು ಫ್ಯಾರನ್‌ಹೀಟ್ ಮಾನಗಳಲ್ಲಿ ಸೊನ್ನೆಯೂ ಬೇರೆ, ಹೆಜ್ಜೆಯೂ ಬೇರೆ. ಈ ಒಂದು ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡರೆ ಮುಂದಿನ ಸೂತ್ರಗಳನ್ನು ಉರುಹಚ್ಚುವ ಶ್ರಮವೇ ಬೇಡ.

೩. ಫ್ಯಾರನ್‌ಹೀಟ್ ಮಾನ

ಡೇನಿಯಲ್ ಗೇಬ್ರಿಯಲ್ ಫ್ಯಾರನ್‌ಹೀಟನು ೧೬೮೬ರಲ್ಲಿ ಡಾನ್‌ಜಿಗ್ ಪಟ್ಟಣದಲ್ಲಿ ಹುಟ್ಟಿ, ಹಾಲೆಂಡಿನಲ್ಲಿ ನೆಲೆಸಿ, ವೈಜ್ಞಾನಿಕ ಉಪಕರಣಗಳನ್ನು ತಯಾರಿಸುತ್ತಿದ್ದ ಕುಶಲಿ. ನಂಬಲರ್ಹವಾದ ಪಾದರಸದ ಉಷ್ಣಮಾಪಕವನ್ನು ನಿರ್ಮಿಸಿದ ಕೀರ್ತಿ ಅವನದು. ೧೭೨೪ರಲ್ಲಿ ಅವನು ತನ್ನ ಮಾನವನ್ನು ವಿವರಿಸಿ ಪ್ರಕಟಿಸಿದನು. ಮಂಜುಗಡ್ಡೆ, ನೀರು ಮತ್ತು ನವಸಾಗರಗಳ ಮಿಶ್ರಣದಿಂದ ದೊರೆಯುವ ಕಡುಚಳಿಯನ್ನು ಅವನು ಸೊನ್ನೆಯೆಂದಿಟ್ಟನು. ಕರಗುವ ಮಂಜುಗಡ್ಡೆಗೆ ೩೨ ಎಂದೂ, ಆರೋಗ್ಯವಂತನ ಮೈಬಿಸಿಗೆ ೯೬ ಎಂದೂ ಗೊತ್ತುಮಾಡಿದನು. ಮುಂದೆ ನೀರಿನ ಕುದಿಬಿಂದುವಿಗೆ ೨೧೨ ಎಂದು ಸ್ಥಿರಪಡಿಸಿ ಈ ಮಾನವನ್ನು ತಿದ್ದಿದರು. ಆಗ ಮೈಬಿಸಿಯ ಅಂಕಿ ೯೬ರಿಂದ ಸ್ವಲ್ಪ ಮೇಲಕ್ಕೆ ಸರಿಯಿತು. ಕರಗುವ ಮಂಜಿನಿಂದ ಕುದಿಯುವ ನೀರಿನವರೆಗೆ ಈ ಮಾನದಲ್ಲಿ ೨೧೨ – ೩೨ = ೧೮೦ ಹೆಜ್ಜೆಗಳಿವೆ.

೪. ಸೆಲ್ಸಿಯಸ್ ಮಾನ

ಆಂಡರ್ಸ್ ಸೆಲ್ಸಿಯಸ್ ಎಂಬವನು ಸ್ವೀಡನ್ ದೇಶದ ಉಪ್ಸಾಲಾ ವಿಶ್ವವಿದ್ಯಾಲಯದಲ್ಲಿ ಖಗೋಳಶಾಸ್ತ್ರದ ಪ್ರಾಧ್ಯಾಪಕನಾಗಿದ್ದನು. ೧೭೪೨ರಲ್ಲಿ ಅವನು ನೀರಿನ ಎರಡು ಸ್ಥಿರಬಿಂದುಗಳ ನಡುವೆ ನೂರು ಸಮಭಾಗಗಳನ್ನು ಮಾಡಿದನು. ಇಲ್ಲೊಂದು ವಿನೋದವಿದೆ. ಅವನು ಕುದಿಬಿಂದುವನ್ನು ಸೊನ್ನೆಯೆಂದೂ, ಮಂಜಿನ ಬಿಂದುವನ್ನು ನೂರೆಂದೂ ಬರೆದಿದ್ದನು! ಅವನ ಮಾನದಂತೆ ಅಹಮದಾಬಾದಿನ ಬೇಸಗೆ ೫೫, ಚಳಿಗಾಲ ೯೦ ಆಗುತ್ತಿತ್ತು. ಅವನು ೧೭೪೪ರಲ್ಲಿ ತೀರಿಕೊಂಡನು. ಬಹು ಬೇಗನೆ ಈ ಕ್ರಮವು ತಿರುವುಮುರುವಾಗಿ, ಇಂದು ನಾವು ಬಳಸುವ ರೂಪಕ್ಕೆ ಬಂದಿತು. ನೂರು ಭಾಗಗಳಿರುವುದರಿಂದ ಇದನ್ನು ಬಹುಕಾಲ ಸೆಂಟಿಗ್ರೇಡ್ ಎಂದು ಕರೆದರು. ೧೯೪೮ರಲ್ಲಿ ಅಳತೆ-ತೂಕಗಳ ಅಂತರರಾಷ್ಟ್ರೀಯ ಸಮ್ಮೇಳನವು ಸೆಲ್ಸಿಯಸ್ ಎಂಬ ಹೆಸರನ್ನು ಅಂಗೀಕರಿಸಿತು. ಹಿರಿಯರು ಸೆಂಟಿಗ್ರೇಡ್ ಎಂದರೂ ಕಿರಿಯರು ಸೆಲ್ಸಿಯಸ್ ಎಂದರೂ ನಮ್ಮ ವ್ಯವಹಾರಕ್ಕೆ ಎರಡೂ ಒಂದೇ.

ಕುದಿಬಿಂದುವಿನ ವಿಷಯದಲ್ಲಿ ಒಂದು ಎಚ್ಚರಿಕೆ ಅವಶ್ಯ. ನೀರು ೧೦೦ ಡಿಗ್ರಿಗೆ ಕುದಿಯುವುದು ಸಮುದ್ರಮಟ್ಟದ ಸಾಮಾನ್ಯ ವಾಯುಭಾರದಲ್ಲಿ ಮಾತ್ರ. ಎತ್ತರಕ್ಕೆ ಹೋದಂತೆ ವಾಯುಭಾರ ಇಳಿಯುತ್ತದೆ. ಸುಮಾರು ಪ್ರತಿ ೩೦೦ ಮೀಟರಿಗೆ ಒಂದು ಡಿಗ್ರಿಯಂತೆ ಕುದಿಬಿಂದುವೂ ಇಳಿಯುತ್ತದೆ. ಸಮುದ್ರಮಟ್ಟಕ್ಕೆ ಹತ್ತಿರವಿರುವ ಸೂರತ್ತಿನಲ್ಲಿ ನೀರು ಹೆಚ್ಚುಕಡಿಮೆ ೧೦೦ ಡಿಗ್ರಿಗೇ ಕುದಿಯುವುದು. ೯೦೦ ಮೀಟರಿಗಿಂತ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಅದು ಸುಮಾರು ೯೭ ಡಿಗ್ರಿಗೇ ಕುದಿಯುವುದು. ರಜೆಯಲ್ಲಿ ಊರಿಗೆ ಹೋದಾಗ ತೆರೆದ ಪಾತ್ರೆಯಲ್ಲಿ ಬೇಳೆ ಬೇಯುವುದು ತುಸು ತಡವಾದರೆ ಸೌದೆಯನ್ನಾಗಲಿ ಅಜ್ಜಿಯನ್ನಾಗಲಿ ದೂರಬೇಡಿರಿ.

ನಮ್ಮ ದೇಶದಲ್ಲಿ ಬ್ರಿಟಿಷರ ಕಾಲದಿಂದಲೂ ಫ್ಯಾರನ್‌ಹೀಟ್ ಮಾನವೇ ರೂಢಿಯಲ್ಲಿತ್ತು. ೧೯೫೬ರಲ್ಲಿ ಅಳತೆ-ತೂಕಗಳ ಬಗೆಗೆ ಶಾಸನವಾಗಿ ದೇಶವು ಮೆಟ್ರಿಕ್ ಪದ್ಧತಿಯನ್ನು ಸ್ವೀಕರಿಸಿತು. ೧೯೫೭ರ ಏಪ್ರಿಲ್ ೧ರಂದು ನಯಾಪೈಸೆ ಚಲಾವಣೆಗೆ ಬಂದಿತು. ಸೇರು ಹೋಗಿ ಕಿಲೋಗ್ರಾಂ ಬಂದಂತೆ, ಹವಾಮಾನದ ವರದಿಗಳಲ್ಲಿ ಫ್ಯಾರನ್‌ಹೀಟ್ ಹೋಗಿ ಸೆಲ್ಸಿಯಸ್ ಬಂದಿತು. ಆದರೆ ಜ್ವರದ ವಿಷಯದಲ್ಲಿ ಮಾತ್ರ ಹಳೆಯ ರೂಢಿ ಇಂದಿಗೂ ಮನೆಮನೆಗಳಲ್ಲಿ ಉಳಿದಿದೆ. ಆದಕಾರಣ ಬೀದಿಯ ಬಿಸಿಯನ್ನು ಒಂದು ಮಾನದಲ್ಲಿ, ಮೈಯ ಬಿಸಿಯನ್ನು ಇನ್ನೊಂದು ಮಾನದಲ್ಲಿ ಹೇಳುವ ವಿಚಿತ್ರ ಪರಿಸ್ಥಿತಿ ನಮ್ಮದಾಗಿದೆ.

೫. ಒಂದು ಮಾನದಿಂದ ಇನ್ನೊಂದಕ್ಕೆ

ಮಂಜಿನಿಂದ ಕುದಿಯುವವರೆಗಿನ ಅದೇ ದಾರಿಯನ್ನು ಸೆಲ್ಸಿಯಸ್ ೧೦೦ ಹೆಜ್ಜೆಗಳಲ್ಲಿ ನಡೆಯುತ್ತದೆ, ಫ್ಯಾರನ್‌ಹೀಟ್ ೧೮೦ ಹೆಜ್ಜೆಗಳಲ್ಲಿ ನಡೆಯುತ್ತದೆ. ೧೦೦ಕ್ಕೂ ೧೮೦ಕ್ಕೂ ಇರುವ ಪ್ರಮಾಣ ೫ಕ್ಕೆ ೯. ಅಂದರೆ ಸೆಲ್ಸಿಯಸ್ಸಿನ ೫ ಹೆಜ್ಜೆ ಫ್ಯಾರನ್‌ಹೀಟಿನ ೯ ಹೆಜ್ಜೆಗೆ ಸಮ. ಸೆಲ್ಸಿಯಸ್ಸಿನ ೧ ಹೆಜ್ಜೆ ಫ್ಯಾರನ್‌ಹೀಟಿನ ೧.೮ ಹೆಜ್ಜೆಗೆ ಸಮ. ಜೊತೆಗೆ, ಸೆಲ್ಸಿಯಸ್ ಸೊನ್ನೆಯಲ್ಲಿ ನಿಂತಿರುವಾಗ ಫ್ಯಾರನ್‌ಹೀಟ್ ಆಗಲೇ ೩೨ರಲ್ಲಿ ನಿಂತಿರುತ್ತದೆ. ಈ ಎರಡು ಸಂಗತಿಗಳನ್ನು ಕೂಡಿಸಿದರೆ ಸೂತ್ರವು ತಾನಾಗಿಯೇ ಹುಟ್ಟುತ್ತದೆ:

ಫ್ಯಾರನ್‌ಹೀಟ್ = (ಸೆಲ್ಸಿಯಸ್ × ೯ ÷ ೫) + ೩೨

ಸೆಲ್ಸಿಯಸ್ = (ಫ್ಯಾರನ್‌ಹೀಟ್ – ೩೨) × ೫ ÷ ೯

ಕಾಗದ ಪೆನ್ಸಿಲುಗಳಿಲ್ಲದಿರುವಾಗ ಬಾಯಿಲೆಕ್ಕದಿಂದ ಮಾಡುವ ಬಗೆಯೂ ಉಂಟು. ಸೆಲ್ಸಿಯಸ್ ಅಂಕಿಯನ್ನು ಇಮ್ಮಡಿ ಮಾಡಿರಿ. ಬಂದುದರಲ್ಲಿ ಹತ್ತನೆಯ ಒಂದು ಭಾಗವನ್ನು ಕಳೆಯಿರಿ. ಉಳಿದುದಕ್ಕೆ ೩೨ ಕೂಡಿಸಿರಿ. ಇದು ಅಂದಾಜಿನ ಲೆಕ್ಕವಲ್ಲ, ಸಂಪೂರ್ಣ ನಿಖರವಾದುದು. ಏಕೆಂದರೆ ಎರಡರಲ್ಲಿ ಅದರ ಹತ್ತನೆಯ ಭಾಗವನ್ನು ಕಳೆದರೆ ಉಳಿಯುವುದು ೧.೮ ಅಷ್ಟೆ.

ಲೇಖನದ ಪ್ರಾರಂಭದ ಬಿಸಿಲನ್ನು ತೆಗೆದುಕೊಳ್ಳೋಣ. ೪೪ರ ಇಮ್ಮಡಿ ೮೮, ಅದರಲ್ಲಿ ೮.೮ ಕಳೆದರೆ ೭೯.೨, ೩೨ ಕೂಡಿಸಿದರೆ ೧೧೧.೨ ಡಿಗ್ರಿ ಫ್ಯಾರನ್‌ಹೀಟ್. ತಮ್ಮನ ಜ್ವರವಾದರೋ ೧೦೨. ಆಗಲೇ ಹೇಳಿದಂತೆ ಬೀದಿಯ ಬಿಸಿಯೇ ಹೆಚ್ಚು.

ಹಿಂದಿರುಗುವ ದಾರಿ ಹೀಗೆ: ಫ್ಯಾರನ್‌ಹೀಟ್ ಅಂಕಿಯಲ್ಲಿ ೩೨ ಕಳೆಯಿರಿ, ಅರ್ಧ ಮಾಡಿರಿ, ಆ ಅರ್ಧಕ್ಕೆ ಅದರ ಹತ್ತನೆಯ ಭಾಗವನ್ನೂ ನೂರನೆಯ ಭಾಗವನ್ನೂ ಕೂಡಿಸಿರಿ. ೧೦೨ರಲ್ಲಿ ೩೨ ಕಳೆದರೆ ೭೦, ಅರ್ಧ ೩೫, ಅದಕ್ಕೆ ೩.೫ ಮತ್ತು ೦.೩೫ ಕೂಡಿಸಿದರೆ ೩೮.೮೫, ಅಂದರೆ ಸುಮಾರು ೩೮.೯ ಡಿಗ್ರಿ ಸೆಲ್ಸಿಯಸ್.

ಎರಡು ಮಾನಗಳು ಎಂದಾದರೂ ಒಂದೇ ಅಂಕಿಯನ್ನು ಹೇಳುವುದುಂಟೆ? ಉಂಟು. ಸೊನ್ನೆಗಿಂತ ೪೦ ಡಿಗ್ರಿ ಕೆಳಗೆ ಎರಡೂ ಸಂಧಿಸುತ್ತವೆ. ಸೂತ್ರದಲ್ಲಿ –೪೦ನ್ನು ಇಟ್ಟು ಪರೀಕ್ಷಿಸಿರಿ: –೭೨ + ೩೨ = –೪೦. ಮಾನದ ಹೆಸರು ಕೇಳದೆ ಅರ್ಥಮಾಡಿಕೊಳ್ಳಬಹುದಾದ ಉಷ್ಣಮಾನವು ಇದೊಂದೇ.

ಇಲ್ಲಿ ೯೮.೬ ಎಂಬ ಪ್ರಸಿದ್ಧ ಅಂಕಿಯ ಕಥೆಯನ್ನೂ ಹೇಳಬೇಕು. ಜರ್ಮನಿಯ ವೈದ್ಯ ಕಾರ್ಲ್ ವುಂಡರ್‌ಲಿಖ್ ೧೮೬೮ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಆರೋಗ್ಯವಂತನ ಮೈಬಿಸಿಯನ್ನು ೩೭ ಡಿಗ್ರಿ ಸೆಲ್ಸಿಯಸ್ ಎಂದನು. ಇದು ಪೂರ್ಣಸಂಖ್ಯೆಗೆ ಸರಿಹೊಂದಿಸಿದ ಸರಾಸರಿ. ಇದನ್ನು ಫ್ಯಾರನ್‌ಹೀಟಿಗೆ ತಿರುಗಿಸಿದಾಗ ೯೮.೬ ಬಂದಿತು. ದಶಾಂಶದ ಆ ೬ನ್ನು ನೋಡಿ ನಾವು ಇದು ಬಹು ಸೂಕ್ಷ್ಮವಾದ ಅಳತೆಯೆಂದು ಭಾವಿಸುತ್ತೇವೆ. ನಿಜವಾಗಿ ಆ ಸೂಕ್ಷ್ಮತೆಯು ಅಳತೆಯಿಂದ ಬಂದುದಲ್ಲ, ಗುಣಾಕಾರದಿಂದ ಬಂದುದು. ಆರೋಗ್ಯವಂತರ ಮೈಬಿಸಿಯು ಬೆಳಗಿನಿಂದ ಸಂಜೆಗೆ, ಒಬ್ಬರಿಂದೊಬ್ಬರಿಗೆ ಸ್ವಲ್ಪ ಸ್ವಲ್ಪ ಬದಲಾಗುತ್ತಲೇ ಇರುತ್ತದೆ.

೬. ಅಂಕಿಯೇ ಬೇರೆ, ಅಂತರವೇ ಬೇರೆ

ಪರೀಕ್ಷೆಗಳಲ್ಲಿ ಅನೇಕ ವಿದ್ಯಾರ್ಥಿಗಳು ಎಡವುವ ಸ್ಥಳವಿದು, ದೊಡ್ಡವರೂ ಎಡವುವುದುಂಟು. ಉಷ್ಣಮಾನವನ್ನು ಪರಿವರ್ತಿಸುವಾಗ ೩೨ ಕೂಡಿಸಬೇಕು. ಆದರೆ ಉಷ್ಣಮಾನಗಳ ಅಂತರವನ್ನು ಪರಿವರ್ತಿಸುವಾಗ ೩೨ ಕೂಡಿಸಬಾರದು. ಅಂತರದಲ್ಲಿ ಸೊನ್ನೆಯ ಸ್ಥಾನದ ಪ್ರಶ್ನೆಯೇ ಇಲ್ಲ; ಶಕದಲ್ಲಾದರೂ ವಿಕ್ರಮದಲ್ಲಾದರೂ ವಯಸ್ಸು ಒಂದೇ ಎಂದು ಹಿಂದೆ ನೋಡಿದೆವಷ್ಟೆ.

ನಮ್ಮ ನಗರದ ಉದಾಹರಣೆಯನ್ನೇ ನೋಡೋಣ. ೧೯೧೬ರ ಮೇ ೨೭ರಂದು ಅಹಮದಾಬಾದಿನಲ್ಲಿ ೪೭.೮ ಡಿಗ್ರಿ ಸೆಲ್ಸಿಯಸ್ ಉಷ್ಣಮಾನ ದಾಖಲಾಗಿತ್ತು. ಇದನ್ನು ಆ ಕಾಲದ ಜನರ ರೂಢಿಯಲ್ಲಿ ಹೇಳುವುದಾದರೆ ೧೧೮ ಡಿಗ್ರಿ ಫ್ಯಾರನ್‌ಹೀಟ್. ಸರಿಯಾಗಿ ನೂರು ವರ್ಷಗಳ ಅನಂತರ, ೨೦೧೬ರ ಮೇ ೨೦ರಂದು ೪೮ ಡಿಗ್ರಿ ದಾಖಲಾಗಿ ಹಳೆಯ ದಾಖಲೆ ಮುರಿಯಿತು. ೪೮ ಎಂದರೆ ೧೧೮.೪ ಫ್ಯಾರನ್‌ಹೀಟ್. ಎರಡರ ಅಂತರ ೦.೨ ಡಿಗ್ರಿ ಸೆಲ್ಸಿಯಸ್. ಇದನ್ನು ೧.೮ರಿಂದ ಗುಣಿಸಿದರೆ ೦.೩೬ ಡಿಗ್ರಿ ಫ್ಯಾರನ್‌ಹೀಟ್, ಅಷ್ಟೇ ಸರಿ. ಸೂತ್ರವನ್ನು ಕಣ್ಣುಮುಚ್ಚಿ ಬಳಸಿ ೩೨ ಕೂಡಿಸಿದರೆ ‘೩೨.೩೬ ಡಿಗ್ರಿ ಹೆಚ್ಚಾಯಿತು’ ಎಂಬ ಅಸಂಬದ್ಧ ಉತ್ತರ ಬರುವುದು.

ಇದು ಕೇವಲ ತರಗತಿಯ ಮಾತಲ್ಲ. ೨೦೧೫ರ ಡಿಸೆಂಬರಿನಲ್ಲಿ ಪ್ಯಾರಿಸ್ ನಗರದಲ್ಲಿ ಜಗತ್ತಿನ ರಾಷ್ಟ್ರಗಳು ಒಂದು ಒಪ್ಪಂದವನ್ನು ಅಂಗೀಕರಿಸಿದವು. ಯಂತ್ರಯುಗಕ್ಕಿಂತ ಹಿಂದಿನ ಕಾಲಕ್ಕೆ ಹೋಲಿಸಿದರೆ ಭೂಮಿಯ ಸರಾಸರಿ ಉಷ್ಣಮಾನದ ಏರಿಕೆಯು ೨ ಡಿಗ್ರಿ ಸೆಲ್ಸಿಯಸ್ಸಿಗಿಂತ ಸಾಕಷ್ಟು ಕೆಳಗಿರಬೇಕು, ಸಾಧ್ಯವಾದರೆ ೧.೫ ಡಿಗ್ರಿಯಲ್ಲಿ ನಿಲ್ಲಬೇಕು ಎಂಬುದು ಅದರ ಗುರಿ. ಈ ೧.೫ ಡಿಗ್ರಿ ಏರಿಕೆಯೆಂದರೆ ೨.೭ ಡಿಗ್ರಿ ಫ್ಯಾರನ್‌ಹೀಟ್ ಏರಿಕೆ, ೩೪.೭ ಅಲ್ಲ.

೭. ನಮ್ಮ ನಗರಕ್ಕೆ ಈ ಲೆಕ್ಕವೇಕೆ ಬೇಕು?

೨೦೧೦ರ ಮೇ ತಿಂಗಳಿನಲ್ಲಿ ಅಹಮದಾಬಾದಿನ ಉಷ್ಣಮಾನವು ೪೬.೮ ಡಿಗ್ರಿಯನ್ನು ಮುಟ್ಟಿತು. ಆ ಒಂದು ತಿಂಗಳಿನಲ್ಲಿ ವಾಡಿಕೆಗಿಂತ ೧,೩೪೪ ಸಾವುಗಳು ಹೆಚ್ಚಾಗಿ ಸಂಭವಿಸಿದವೆಂದು ಅನಂತರ ನಡೆದ ಅಧ್ಯಯನವು ಲೆಕ್ಕಹಾಕಿತು. ಭೂಕಂಪದಂತೆ ಸದ್ದಿಲ್ಲ, ಪ್ರವಾಹದಂತೆ ಕಣ್ಣಿಗೆ ಕಾಣುವುದಿಲ್ಲ. ಆದರೂ ಅಷ್ಟು ಜನರು ಹೋದರು. ಈ ದುಃಖದಿಂದ ಪಾಠ ಕಲಿತ ಅಹಮದಾಬಾದ್ ಮಹಾನಗರಪಾಲಿಕೆಯು ೨೦೧೩ರಲ್ಲಿ ಬಿಸಿಲಿನ ಅಪಾಯವನ್ನು ಎದುರಿಸುವ ಯೋಜನೆಯೊಂದನ್ನು ಜಾರಿಗೆ ತಂದಿತು. ದಕ್ಷಿಣ ಏಷ್ಯದಲ್ಲಿಯೇ ಇಂತಹ ಯೋಜನೆ ಇದು ಮೊದಲನೆಯದು. ಆ ಯೋಜನೆಯಲ್ಲಿ ಮುನ್ಸೂಚನೆಯ ಉಷ್ಣಮಾನವನ್ನು ಅನುಸರಿಸಿ ದಿನಗಳಿಗೆ ಬಣ್ಣಗಳನ್ನು ಗೊತ್ತುಮಾಡಿದರು: ೪೧.೧ರಿಂದ ೪೩ ಡಿಗ್ರಿಯವರೆಗೆ ಹಳದಿ, ೪೩.೧ರಿಂದ ೪೪.೯ರವರೆಗೆ ಕಿತ್ತಳೆ, ೪೫ ಮತ್ತು ಅದಕ್ಕಿಂತ ಮೇಲೆ ಕೆಂಪು.

ಈಗ ಈ ಅಂಕಿಗಳನ್ನು ಜ್ವರಮಾಪಕದ ಮಾನಕ್ಕೆ ತಂದು ನೋಡಿರಿ. ೪೧.೧ ಎಂದರೆ ಸುಮಾರು ೧೦೬. ೪೫ ಎಂದರೆ ೧೧೩. ಹಳೆಯ ಗಾಜಿನ ಜ್ವರಮಾಪಕದ ಗೆರೆಗಳು ೧೦೮ಕ್ಕೇ ಮುಗಿಯುತ್ತಿದ್ದವು. ಕೆಂಪು ದಿನದ ಗಾಳಿಯು ಆ ಕೊನೆಯ ಗೆರೆಯನ್ನೂ ದಾಟಿದ ಬಿಸಿ. ಈ ಹೋಲಿಕೆಯಿಂದ ಮುಖ್ಯವಾದ ಒಂದು ಸತ್ಯ ಹೊರಪಡುತ್ತದೆ. ಗಾಳಿಯು ೩೭ ಡಿಗ್ರಿಗಿಂತ ತಂಪಾಗಿರುವಾಗ ನಮ್ಮ ಮೈಯ ಶಾಖವು ಗಾಳಿಗೆ ಹರಿಯುತ್ತದೆ. ಗಾಳಿಯು ಅದಕ್ಕಿಂತ ಬಿಸಿಯಾದಾಗ ಶಾಖವು ಗಾಳಿಯಿಂದ ಮೈಗೇ ಹರಿಯತೊಡಗುತ್ತದೆ. ಆಗ ನಮ್ಮನ್ನು ಕಾಪಾಡುವುದು ಬೆವರು ಆರುವುದರಿಂದ ಆಗುವ ತಂಪೊಂದೇ. ಬೆವರಿಗೆ ನೀರು ಬೇಕು. ಆದುದರಿಂದ ಬಾಯಾರಿಕೆಯಾಗುವ ಮೊದಲೇ ನೀರನ್ನೂ ಮಜ್ಜಿಗೆಯನ್ನೂ ಕುಡಿಯಬೇಕೆಂದು ಹೇಳುವುದು. ಸೂರತ್ತಿನಂತಹ ಕರಾವಳಿಯ ಊರುಗಳಲ್ಲಿ ಗಾಳಿಯ ತೇವದಿಂದ ಬೆವರು ಬೇಗ ಆರದು. ಅಲ್ಲಿ ಉಷ್ಣಮಾನದ ಅಂಕಿ ಸಣ್ಣದಿದ್ದರೂ ಆಯಾಸ ಹೆಚ್ಚು.

ಹವಾಮಾನ ವರದಿಯ ಅಂಕಿಯು ನೆರಳಿನ ಅಂಕಿ ಎಂಬುದನ್ನೂ ಮರೆಯಬಾರದು. ಗಾಳಿಯಾಡುವ ಜಾಲರಿ ಬಾಗಿಲುಗಳ ಬಿಳಿಯ ಪೆಟ್ಟಿಗೆಯೊಳಗೆ, ನೆಲದಿಂದ ಮನುಷ್ಯನ ಎದೆಯಷ್ಟು ಎತ್ತರದಲ್ಲಿ ಉಷ್ಣಮಾಪಕವನ್ನು ಇಟ್ಟು ಅಳೆಯುತ್ತಾರೆ. ಬಿಸಿಲಿನಲ್ಲಿ ಕಾದ ಡಾಂಬರು ರಸ್ತೆಯ ಮೇಲೆ ಕೈಗಾಡಿಯನ್ನು ನೂಕುವವನ ಪಾಲಿನ ಬಿಸಿ ವರದಿಯ ಅಂಕಿಗಿಂತ ಬಹಳ ಹೆಚ್ಚು.

ಇನ್ನು ಮನೆಯೊಳಗಿನ ಅಪಾಯವನ್ನು ನೋಡೋಣ. ಪಾದರಸದ ಗಾಜಿನ ಜ್ವರಮಾಪಕದ ಸ್ಥಾನಕ್ಕೆ ಈಗ ಅಂಕಿಗಳನ್ನು ಬೆಳಗಿಸುವ ವಿದ್ಯುನ್ಮಾನ ಜ್ವರಮಾಪಕಗಳು ಬಂದಿವೆ. ಇವುಗಳಲ್ಲಿ ಕೆಲವು, ಗುಂಡಿಯೊಂದನ್ನು ಒತ್ತಿದರೆ ಎರಡು ಮಾನಗಳಲ್ಲಿಯೂ ಅಂಕಿ ತೋರಿಸುತ್ತವೆ. ಯಾರೋ ಮಗು ಆ ಗುಂಡಿಯನ್ನು ಒತ್ತಿಬಿಟ್ಟಿತೆನ್ನಿ. ಜ್ವರ ಬಂದವರ ಬಾಯಿಂದ ತೆಗೆದ ಮಾಪಕದಲ್ಲಿ ೪೦ ಎಂದು ಕಾಣುತ್ತದೆ. ತೊಂಬತ್ತೆಂಟನ್ನೇ ರೂಢಿಮಾಡಿಕೊಂಡವರು ‘ಯಂತ್ರ ಕೆಟ್ಟಿದೆ’ ಎಂದು ಬದಿಗಿಡಬಹುದು. ಆದರೆ ೪೦ ಸೆಲ್ಸಿಯಸ್ ಎಂದರೆ ೧೦೪ ಫ್ಯಾರನ್‌ಹೀಟ್. ಬಿಸಿಲಿನಲ್ಲಿ ದುಡಿದು ಬಂದವರ ಮೈ ಇಷ್ಟು ಕಾದು, ಮಾತು ತೊದಲುತ್ತಿದ್ದರೆ ಅಥವಾ ಪ್ರಜ್ಞೆ ಮಂಕಾಗಿದ್ದರೆ, ಅದು ಪ್ರಾಣಾಂತಿಕವಾದ ಬಿಸಿಲಾಘಾತ. ಅವರನ್ನು ತಕ್ಷಣ ನೆರಳಿಗೆ ತಂದು, ಮೈಗೆ ತಣ್ಣೀರು ಸುರಿದು ಗಾಳಿ ಬೀಸುತ್ತ, ೧೦೮ ಸಂಖ್ಯೆಗೆ ಕರೆಮಾಡಬೇಕು. ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ನೀರು ಹಾಕಕೂಡದು. ಅಂಕಿಯ ಪಕ್ಕದಲ್ಲಿರುವ ಒಂದು ಅಕ್ಷರವನ್ನು ಓದುವುದರಲ್ಲಿ ಒಬ್ಬರ ಜೀವವೇ ಅಡಗಿರಬಹುದು. ಮನೆಯ ಹಿರಿಯರಿಗೆ ಆ ಅಕ್ಷರ ಬಾರದಿದ್ದರೆ ಓದಿ ಹೇಳುವ ಹೊಣೆ ನಿಮ್ಮದು.

೮. ಇಮ್ಮಡಿ ಬಿಸಿ ಎಂದರೇನು? ಕೆಲ್ವಿನ್ ಮಾನ

ಜನವರಿಯ ಒಂದು ರಾತ್ರಿ ೧೦ ಡಿಗ್ರಿ ಸೆಲ್ಸಿಯಸ್, ಏಪ್ರಿಲಿನ ಒಂದು ಮಧ್ಯಾಹ್ನ ೪೦ ಡಿಗ್ರಿ ಸೆಲ್ಸಿಯಸ್ ಇದ್ದರೆ, ಏಪ್ರಿಲು ನಾಲ್ಕುಮಡಿ ಬಿಸಿ ಎನ್ನಬಹುದೆ? ಅದೇ ಅಂಕಿಗಳು ಫ್ಯಾರನ್‌ಹೀಟಿನಲ್ಲಿ ೫೦ ಮತ್ತು ೧೦೪. ಅಂದರೆ ಎರಡುಮಡಿಗಿಂತ ತುಸು ಹೆಚ್ಚು. ಒಂದೇ ಸಂಗತಿ ನಾಲ್ಕುಮಡಿಯೂ ಎರಡುಮಡಿಯೂ ಆಗಲಾರದು. ದೋಷವು ಸೊನ್ನೆಯಲ್ಲಿದೆ. ಎರಡು ಮಾನಗಳ ಸೊನ್ನೆಯೂ ಮನುಷ್ಯರು ಅನುಕೂಲಕ್ಕಾಗಿ ಇಟ್ಟ ಗುರುತು; ಅಲ್ಲಿ ಬಿಸಿ ಮುಗಿದುಹೋಗಿಲ್ಲ.

ಬಿಸಿಯ ನಿಜವಾದ ಸೊನ್ನೆ ಎಲ್ಲಿದೆ? ಗ್ಲಾಸ್ಗೋ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ವಿಲಿಯಂ ಥಾಮ್ಸನ್, ಮುಂದೆ ಲಾರ್ಡ್ ಕೆಲ್ವಿನ್ ಎಂದು ಹೆಸರಾದವನು, ೧೮೪೮ರಲ್ಲಿ ಯಾವ ವಸ್ತುವಿನ ಗುಣವನ್ನೂ ಅವಲಂಬಿಸದ ಉಷ್ಣಮಾನದ ಮಾನವನ್ನು ಸೂಚಿಸಿದನು. ಇದರ ಸೊನ್ನೆಯು ಸೆಲ್ಸಿಯಸ್ ಸೊನ್ನೆಗಿಂತ ೨೭೩.೧೫ ಡಿಗ್ರಿ ಕೆಳಗಿದೆ. ಅದಕ್ಕಿಂತ ತಂಪು ಜಗತ್ತಿನಲ್ಲಿಯೇ ಇರಲಾರದು. ಇದರ ಹೆಜ್ಜೆ ಸೆಲ್ಸಿಯಸ್ ಹೆಜ್ಜೆಯಷ್ಟೇ. ಆದುದರಿಂದ ಸೆಲ್ಸಿಯಸ್ ಅಂಕಿಗೆ ೨೭೩.೧೫ ಕೂಡಿಸಿದರೆ ಕೆಲ್ವಿನ್ ಅಂಕಿ ದೊರೆಯುವುದು. ಈ ಮಾನದಲ್ಲಿ ‘ಡಿಗ್ರಿ’ ಎಂಬ ಮಾತನ್ನು ಸೇರಿಸುವ ರೂಢಿಯನ್ನು ೧೯೬೭ರಲ್ಲಿ ಬಿಟ್ಟರು. ‘೩೦೦ ಕೆಲ್ವಿನ್’ ಎಂದರೆ ಸಾಕು. ಹೀಗೆ ನೋಡಿದರೆ ಜನವರಿಯ ರಾತ್ರಿ ಸುಮಾರು ೨೮೩, ಏಪ್ರಿಲಿನ ಮಧ್ಯಾಹ್ನ ಸುಮಾರು ೩೧೩. ಏಪ್ರಿಲು ಜನವರಿಗಿಂತ ಹತ್ತನೆಯ ಒಂದು ಪಾಲು ಮಾತ್ರ ಹೆಚ್ಚು. ಆ ಹತ್ತನೆಯ ಪಾಲಿನಲ್ಲಿಯೇ ನಮ್ಮ ಕಂಬಳಿಯೂ ಬೀಸಣಿಗೆಯೂ ಅಡಗಿವೆ!

ಕೆಲ್ವಿನ್ ಮಾನ ದೂರದ ವಿಜ್ಞಾನಿಗಳ ಸ್ವತ್ತೆಂದು ತಿಳಿಯಬೇಡಿರಿ. ಈ ನಗರದಲ್ಲಿಯೇ ಅದರ ಬಳಕೆಯಿದೆ. ಅಹಮದಾಬಾದಿನಲ್ಲಿ ಹುಟ್ಟಿದ ವಿಕ್ರಮ್ ಸಾರಾಭಾಯಿಯವರು ೧೯೪೭ರಲ್ಲಿ ಇಲ್ಲಿ ಭೌತ ಸಂಶೋಧನಾ ಪ್ರಯೋಗಾಲಯವನ್ನು ಸ್ಥಾಪಿಸಿದರು. ಉಡುಪಿಯ ಬಳಿಯ ಅದಮಾರಿನಲ್ಲಿ ೧೯೩೨ರಲ್ಲಿ ಹುಟ್ಟಿದ ಯು. ಆರ್. ರಾವ್ ಅವರು ನಮ್ಮಂತೆಯೇ ಕನ್ನಡನಾಡಿನಿಂದ ಈ ನಗರಕ್ಕೆ ಬಂದು, ಸಾರಾಭಾಯಿಯವರ ಬಳಿ ಸಂಶೋಧನೆ ನಡೆಸಿ, ೧೯೬೦ರಲ್ಲಿ ಗುಜರಾತ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು. ೧೯೭೫ರ ಏಪ್ರಿಲ್ ೧೯ರಂದು ಆಕಾಶಕ್ಕೇರಿದ ನಮ್ಮ ಮೊದಲ ಉಪಗ್ರಹ ಆರ್ಯಭಟದ ನಿರ್ಮಾಣ ಅವರ ನೇತೃತ್ವದಲ್ಲಿಯೇ ನಡೆಯಿತು.

೨೦೨೩ರ ಆಗಸ್ಟ್ ೨೩ರಂದು ಚಂದ್ರನ ದಕ್ಷಿಣ ಭಾಗದಲ್ಲಿ ಇಳಿದ ಚಂದ್ರಯಾನ-೩ರ ವಿಕ್ರಮ್ ನೌಕೆಯಲ್ಲಿ ‘ಚಾಸ್ಟೆ’ ಎಂಬ ಉಷ್ಣಮಾಪಕ ಉಪಕರಣವಿತ್ತು. ತಿರುವನಂತಪುರದ ಬಾಹ್ಯಾಕಾಶ ಭೌತ ಪ್ರಯೋಗಾಲಯದೊಡನೆ ಸೇರಿ ಅದನ್ನು ರೂಪಿಸಿದುದು ಅಹಮದಾಬಾದಿನ ಇದೇ ಭೌತ ಸಂಶೋಧನಾ ಪ್ರಯೋಗಾಲಯ. ಹತ್ತು ಸಂವೇದಕಗಳನ್ನು ಹೊತ್ತ ಅದರ ಸೂಜಿಯು ಚಂದ್ರನ ಮಣ್ಣಿನೊಳಕ್ಕೆ ಇಳಿದು ಅಲ್ಲಿನ ಉಷ್ಣಮಾನವನ್ನು ಅಳೆಯಿತು. ಸೂರ್ಯನ ಕಡೆಗೆ ಓರೆಯಾಗಿದ್ದ ಆ ನೆಲದ ಮೇಲ್ಮೈಯ ಗರಿಷ್ಠ ಉಷ್ಣಮಾನ ೩೫೫ ಕೆಲ್ವಿನ್ ಎಂದು ಕಂಡುಬಂದಿತು. ಅಲ್ಲಿಂದ ಸುಮಾರು ಒಂದು ಮೀಟರು ದೂರದ ಸಮತಟ್ಟಾದ ನೆಲದಲ್ಲಿ ಅದು ೩೩೨ ಕೆಲ್ವಿನ್ ಮಾತ್ರ. ಸೆಲ್ಸಿಯಸ್ಸಿನಲ್ಲಿ ಇವು ಸುಮಾರು ೮೨ ಮತ್ತು ೫೯. ಅಂತರವು ೨೩ ಕೆಲ್ವಿನ್, ಸೆಲ್ಸಿಯಸ್ಸಿನಲ್ಲಿಯೂ ೨೩. ಹೆಜ್ಜೆ ಒಂದೇ ಆದಲ್ಲಿ ಅಂತರವೂ ಒಂದೇ ಎಂಬ ನಿಯಮವು ಚಂದ್ರನ ಮೇಲೆಯೂ ಸುಳ್ಳಾಗದು.

೯. ಹೋಲಿಕೆಯ ಪಟ್ಟಿ

ಕೆಳಗಿನ ಅಂಕಿಗಳು ಕ್ರಮವಾಗಿ ಸೆಲ್ಸಿಯಸ್, ಫ್ಯಾರನ್‌ಹೀಟ್, ಕೆಲ್ವಿನ್ ಮಾನಗಳವು.

ನಿರಪೇಕ್ಷ ಸೊನ್ನೆ: –೨೭೩.೧೫, –೪೫೯.೬೭, ೦
ಎರಡು ಮಾನಗಳು ಕೂಡುವ ಬಿಂದು: –೪೦; –೪೦; ೨೩೩.೧೫
ಕರಗುವ ಮಂಜುಗಡ್ಡೆ: ೦, ೩೨, ೨೭೩.೧೫
ಹಿತವಾದ ಕೋಣೆ: ೨೭, ೮೦.೬, ೩೦೦.೧೫
ಆರೋಗ್ಯವಂತನ ಮೈಬಿಸಿ: ೩೭, ೯೮.೬, ೩೧೦.೧೫
ಅಹಮದಾಬಾದಿನ ಕೆಂಪು ದಿನದ ಪ್ರಾರಂಭ: ೪೫, ೧೧೩, ೩೧೮.೧೫
೨೦೧೬ರ ಮೇ ೨೦, ಅಹಮದಾಬಾದ್: ೪೮, ೧೧೮.೪, ೩೨೧.೧೫
ಸಮುದ್ರಮಟ್ಟದಲ್ಲಿ ಕುದಿಯುವ ನೀರು: ೧೦೦, ೨೧೨, ೩೭೩.೧೫

೧೦. ಅಭ್ಯಾಸ

ಮೊದಲು ಬಾಯಿಲೆಕ್ಕದಿಂದ ಮಾಡಿ, ಅನಂತರ ಸೂತ್ರದಿಂದ ತಾಳೆನೋಡಿರಿ.

(೧) ೨೦೧೬ರ ಏಪ್ರಿಲಿನಲ್ಲಿ ಬೆಂಗಳೂರಿನಲ್ಲಿ ೩೯.೨ ಡಿಗ್ರಿ ಸೆಲ್ಸಿಯಸ್ ದಾಖಲಾಯಿತು. ಫ್ಯಾರನ್‌ಹೀಟಿನಲ್ಲಿ ಎಷ್ಟು?

(೨) ನಿಮ್ಮ ಗೆಳೆಯನಿಗೆ ೧೦೧ ಡಿಗ್ರಿ ಫ್ಯಾರನ್‌ಹೀಟ್ ಜ್ವರ. ಸೆಲ್ಸಿಯಸ್ಸಿನಲ್ಲಿ ಎಷ್ಟು?

(೩) ವಡೋದರಾದಲ್ಲಿ ಒಂದು ದಿನ ಬೆಳಗ್ಗೆ ೨೪, ಮಧ್ಯಾಹ್ನ ೪೨ ಡಿಗ್ರಿ ಸೆಲ್ಸಿಯಸ್ ಇತ್ತೆಂದು ಭಾವಿಸಿರಿ. ಏರಿಕೆಯು ಫ್ಯಾರನ್‌ಹೀಟಿನಲ್ಲಿ ಎಷ್ಟು ಡಿಗ್ರಿ?

(೪) ಹಾಲನ್ನು ರೋಗಾಣುಮುಕ್ತ ಮಾಡಲು ಡೇರಿಗಳಲ್ಲಿ ಅದನ್ನು ೭೨ ಡಿಗ್ರಿ ಸೆಲ್ಸಿಯಸ್ಸಿನಲ್ಲಿ ೧೫ ಸೆಕೆಂಡುಗಳ ಕಾಲ ಇಡುತ್ತಾರೆ. ಈ ಉಷ್ಣಮಾನ ಫ್ಯಾರನ್‌ಹೀಟಿನಲ್ಲಿ ಎಷ್ಟು?

(೫) ಅಮೆರಿಕದಲ್ಲಿರುವ ಚಿಕ್ಕಪ್ಪನು ‘ಇಂದು ಇಲ್ಲಿ ೧೪ ಡಿಗ್ರಿ, ಅಂಗಳವೆಲ್ಲ ಹಿಮ’ ಎಂದು ಬರೆದನು. ‘ನಮ್ಮಲ್ಲಿಯೂ ಜನವರಿಯಲ್ಲಿ ೧೪ ಡಿಗ್ರಿ ಇತ್ತು, ಹಿಮ ಬೀಳಲಿಲ್ಲವಲ್ಲ’ ಎಂದು ತಂಗಿ ಕೇಳಿದಳು. ಅವಳಿಗೆ ಏನೆಂದು ಉತ್ತರ ಕೊಡುವಿರಿ?

(೬) ದ್ರವ ನೈಟ್ರೊಜನ್ ಸುಮಾರು ೭೭ ಕೆಲ್ವಿನ್‌ನಲ್ಲಿ ಕುದಿಯುತ್ತದೆ. ಸೆಲ್ಸಿಯಸ್ಸಿನಲ್ಲಿ ಎಷ್ಟು?

(೭) ಯಾವ ಉಷ್ಣಮಾನದಲ್ಲಿ ಫ್ಯಾರನ್‌ಹೀಟ್ ಅಂಕಿಯು ಸೆಲ್ಸಿಯಸ್ ಅಂಕಿಯ ಸರಿಯಾಗಿ ಎರಡರಷ್ಟಿರುವುದು?

ಉತ್ತರಗಳು: (೧) ೧೦೨.೫೬. (೨) ಸುಮಾರು ೩೮.೩. (೩) ೩೨.೪ ಡಿಗ್ರಿ, ಇಲ್ಲಿ ೩೨ ಕೂಡಿಸಿದವರು ಆರನೆಯ ಭಾಗವನ್ನು ಮತ್ತೊಮ್ಮೆ ಓದಿರಿ. (೪) ೧೬೧.೬. (೫) ಚಿಕ್ಕಪ್ಪನ ೧೪ ಫ್ಯಾರನ್‌ಹೀಟ್ ಮಾನದ್ದು. ಸೆಲ್ಸಿಯಸ್ಸಿನಲ್ಲಿ ಅದು ಸೊನ್ನೆಗಿಂತ ೧೦ ಡಿಗ್ರಿ ಕೆಳಗೆ. ನಮ್ಮ ೧೪ ಸೆಲ್ಸಿಯಸ್ ಮಾನದ್ದು. ಫ್ಯಾರನ್‌ಹೀಟಿನಲ್ಲಿ ಅದು ೫೭.೨. (೬) ಸುಮಾರು –೧೯೬. (೭) ೧೬೦ ಡಿಗ್ರಿ ಸೆಲ್ಸಿಯಸ್. ಆಗ ಫ್ಯಾರನ್‌ಹೀಟ್ ೩೨೦.